ಗಾಳಿ ತುಂಬೋ ಹಾಟ್ ಟಬ್ಬು ಕೊಡಗಲ್ಲಿ ಯಾರಾದ್ರು ಇಟ್ಕೊಂಡಿದೀರಾ? ಕರೆಂಟು, ನೀರು, ಮಳೆ ಬಗ್ಗೆ ಸ್ವಲ್ಪ ಹೇಳಿ

ಕಾಫಿಕಣ (ಸುಂಟಿಕೊಪ್ಪ ಹತ್ರ):
ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿರೋ ನಮ್ಮ ಭಾವ ಮನೆ ಖಾಲಿ ಮಾಡೋವಾಗ ಅವರ ಗಾಳಿ ತುಂಬೋ ಹಾಟ್ ಟಬ್ಬನ್ನ ನಮಗೆ ದಾಟಿಸಿದ್ರು, ನಾಲ್ಕು ಜನ ಬಿಸಿನೀರಲ್ಲಿ ಕೂರೋವಷ್ಟು ದೊಡ್ಡದು, 800 ಲೀಟರ್ ನೀರು ಹಿಡಿಯುತ್ತೆ ಅಂತ ಡಬ್ಬದ ಮೇಲಿದೆ, ಹೀಟರು ಪಂಪು ಎಲ್ಲಾ ಒಂದೇ ಪೆಟ್ಟಿಗೇಲಿ. ಮಡದಿ ಮಕ್ಕಳು ಕುಣೀತಿದಾರೆ. ಅಪ್ಪ ಮಾತ್ರ "ಹಂಡೆ ಇರೋ ಮನೇಲಿ ಇದೆಂಥದ್ದು" ಅಂತ ಮುಖ ತಿರುಗಿಸಿದಾರೆ.

ಎಲ್ಲಿಡೋದು ಅನ್ನೋದೇ ಮೊದಲ ಜಗಳ. ಸಮತಟ್ಟಾಗಿರೋ ಸಿಮೆಂಟ್ ಜಾಗ ಅಂದ್ರೆ ಕಣ ಒಂದೇ, ಆದ್ರೆ ಚಳಿ ಇರೋ ಡಿಸೆಂಬರ್‌ನಿಂದ ಫೆಬ್ರವರಿ ತನಕ ಅಲ್ಲಿ ಕಾಫಿ ಒಣಗ್ತಿರುತ್ತೆ, ಟಬ್ಬು ಬೇಕಾಗೋದೂ ಅದೇ ಟೈಮಲ್ಲಿ. ಹಾಗಾಗಿ ಮಹಡಿ ಬಾಲ್ಕನಿ ಮೇಲೆ ಇಡೋಣ ಅಂತ ನನ್ನ ಪ್ಲಾನು, ವ್ಯೂ ಕೂಡ ಚೆನ್ನಾಗಿದೆ. ಇನ್ನೊಂದು, ಬಿಸಿ ಯಾವಾಗ್ಲೂ ಆನ್ ಇಟ್ರೆ ಕಡಿಮೆ ಖರ್ಚು ಅಂತ ಭಾವ ಹೇಳ್ತಾರೆ, ನಿಜಾನಾ? ನಮ್ಮದು ಬೋರ್ ನೀರು, ಬಾವಿಗೆ ಹಾಕೋ ಬ್ಲೀಚಿಂಗ್ ಪೌಡರ್ ಮನೇಲಿದೆ, ಅದನ್ನೇ ಹಾಕಿದ್ರೆ ಸಾಕಲ್ವಾ?

ಫ್ಯೂಸ್‌ಹೋಯ್ತು (ಸೋಮವಾರಪೇಟೆ):
ಅಣ್ಣ ಬಾಲ್ಕನಿ ಮೇಲೆ ಮಾತ್ರ ಇಡಬೇಡಿ. 800 ಲೀಟರ್ ಅಂದ್ರೆ 800 ಕೆಜಿ, ಅದ್ರಲ್ಲಿ ನಾಲ್ಕು ಜನ ಕೂತ್ರೆ ಒಂದು ಟನ್ನಿಗೂ ಮೇಲೆ, ಅಷ್ಟೂ ಭಾರ ಆರಡಿ ಅಗಲದ ಒಂದೇ ಜಾಗದ ಮೇಲೆ. ಹಳೇ ಮನೆ ಮರದ ಮಾಳಿಗೆ ಆಗಿದ್ರಂತೂ ಕೇಳೋದೇ ಬೇಡ. ನೆಲದ ಮೇಲೆ, ಕಾರ್ ಶೆಡ್ಡಲ್ಲಿ ಇಡಿ, ಮೇಲೆ ಶೀಟ್ ಇರೋದೂ ಅನುಕೂಲ.

ಕರೆಂಟ್ ವಿಷಯಕ್ಕೆ ಬರ್ತೀನಿ. ಇವುಗಳ ಹೀಟರ್ ಸಾಮಾನ್ಯವಾಗಿ 2 ಕಿಲೋವ್ಯಾಟ್ ಆಸುಪಾಸು, ನಿಮ್ಮದ್ರ ಸ್ಟಿಕ್ಕರ್ ನೋಡಿ. ನಮ್ಮದು 2.2 ಕಿಲೋವ್ಯಾಟು. 18 ಡಿಗ್ರಿ ನೀರನ್ನ 38ಕ್ಕೆ ತರೋಕೆ ಲೆಕ್ಕದ ಪ್ರಕಾರ ಹದಿನೆಂಟೂವರೆ ಯೂನಿಟ್ ಬೇಕು, ಅಂದ್ರೆ ಏನೂ ಸೋರಿಕೆ ಇಲ್ಲದಿದ್ರೂ ಎಂಟೂವರೆ ಗಂಟೆ, ಚಳೀಲಿ ಹತ್ತು ಹನ್ನೆರಡು ಅಂತ ಇಟ್ಕೊಳ್ಳಿ. ಇದು 230 ವೋಲ್ಟ್ ಇದ್ರೆ ಮಾತು! ನಮ್ಮ ಲೈನಲ್ಲಿ ಸಂಜೆ 180ಕ್ಕೆ ಇಳಿಯುತ್ತೆ, ಆಗ ಹೀಟರ್ ಶಕ್ತಿ ಸ್ವಲ್ಪ ಅಲ್ಲ, ನೂರಕ್ಕೆ ಅರವತ್ತರಷ್ಟಕ್ಕೆ ಬೀಳುತ್ತೆ, ರಾತ್ರಿಯಿಡೀ ಓಡಿದ್ರೂ ನೀರು ಉಗುರು ಬೆಚ್ಚಗೆ ಅಷ್ಟೇ, ನಾನು ಮೊದಲನೇ ವಾರ ಹೀಟರ್ ಕೆಟ್ಟಿದೆ ಅಂತ ಬಿಚ್ಚೋಕೆ ಹೊರಟಿದ್ದೆ. ಆಮೇಲೆ ಬೆಳಿಗ್ಗೇನೇ ಹಚ್ಚಿ ಸಂಜೆಗೆ ರೆಡಿ ಮಾಡೋ ಅಭ್ಯಾಸ ಮಾಡ್ಕೊಂಡೆ.

ಯಾವಾಗ್ಲೂ ಆನ್ ಇಟ್ರೆ ಉಳಿತಾಯ ಅನ್ನೋದು ಸುಳ್ಳು. ಮುಚ್ಚಳ ಹಾಕಿ ಬಿಟ್ರೂ ನಮ್ಮ ಟಬ್ಬು ಒಂದು ರಾತ್ರಿಗೆ ಐದು ಡಿಗ್ರಿ ಇಳೀತಿತ್ತು, ಅದನ್ನ ತುಂಬಿಸೋಕೇ ದಿನಾ ಐದು ಯೂನಿಟ್ ಹತ್ರ, ಹಗಲಿಂದು ಬೇರೆ. ವಾರಕ್ಕೊಂದು ಸಲ ಇಳಿಯೋರು ಅವತ್ತೇ ಕಾಯಿಸೋದು ಒಳ್ಳೇದು. ದಿನಾ ಇಳಿಯೋರಾದ್ರೆ ಆನ್ ಇಡಿ, ಅದು ಉಳಿತಾಯಕ್ಕಲ್ಲ, ಕಾಯೋ ತಾಳ್ಮೆ ಇಲ್ಲದಿದ್ದಕ್ಕೆ.

16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗು, ಕರೆಂಟ್ ಸೋರಿದ್ರೆ ತಾನೇ ಲೈನ್ ಕಟ್ ಮಾಡೋ 30 ಮಿಲಿಆಂಪಿನ ಆರ್‌ಸಿಸಿಬಿ, ಈ ಮೂರೂ ಇಲ್ಲದೆ ನೀರಿಗೆ ಇಳೀಬೇಡಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಪ್ಲಗ್ಗಲ್ಲೇ ಟೆಸ್ಟ್ ಬಟನ್ ಇದ್ರೆ ಪ್ರತಿ ಸಲ ಒತ್ತಿ ನೋಡಿ, ಟ್ರಿಪ್ ಆಗ್ಬೇಕು. ಮಾರ್ಚ್ ಏಪ್ರಿಲಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬರೋವಾಗ ಗುಡುಗು ಸಿಡಿಲು ಜಾಸ್ತಿ, ಮೋಡ ಕಪ್ಪಾಯ್ತು ಅಂದ್ರೆ ಎದ್ದು ಬನ್ನಿ, ಪ್ಲಗ್ ಕಿತ್ತಿಡಿ.

ಮನೆಬೆಲ್ಲಕಾಪಿ (ಗೋಣಿಕೊಪ್ಪ):
ನಾವು ಹೋಂಸ್ಟೇಗೆ ಅಂತ ತಂದು ಎರಡು ಸೀಸನ್ ಇಟ್ಕೊಂಡಿದ್ವಿ, ಹಾಗಾಗಿ ನೀರಿನ ಕಥೆ ನಾನು ಹೇಳ್ತೀನಿ. ಬೋರ್ ನೀರು ತುಂಬಿಸಿ ಕ್ಲೋರಿನ್ ಹಾಕಿದ ಅರ್ಧ ಗಂಟೇಲಿ ಟಬ್ಬು ಪೂರ್ತಿ ಬೆಲ್ಲದ ಕಾಫಿ ಬಣ್ಣಕ್ಕೆ ತಿರುಗಿತು!! ಗೆಸ್ಟ್ ಬೇರೆ ಟವೆಲ್ ಹೆಗಲಿಗೆ ಹಾಕ್ಕೊಂಡು ನಿಂತಿದಾರೆ. ನೀರಲ್ಲಿ ಕಬ್ಬಿಣದ ಅಂಶ ಇದ್ರೆ ಕ್ಲೋರಿನ್ ತಾಗಿದ ಕೂಡ್ಲೆ ಅದು ತುಕ್ಕಾಗಿ ಹೊರಗೆ ಬರುತ್ತೆ. ಒಂದು ಬಕೆಟ್ ನೀರಿಗೆ ಚಿಟಿಕೆ ಕ್ಲೋರಿನ್ ಪುಡಿ ಹಾಕಿ ಮೊದಲು ಪರೀಕ್ಷೆ ಮಾಡಿ. ಬಣ್ಣ ಬಂದ್ರೆ ಬಾವಿ ನೀರೋ ಒರತೆ ನೀರೋ ತುಂಬಿಸಿ, ಪೈಪಿನ ತುದಿಗೆ ಹಳೇ ಪಂಚೆ ಎರಡು ಮಡಿಕೆ ಕಟ್ಟಿ.

ಬ್ಲೀಚಿಂಗ್ ಪೌಡರ್ ಬೇಡ. ಅದ್ರ ಸುಣ್ಣ ಕರಗಲ್ಲ, ತಳದಲ್ಲಿ ಕೂರುತ್ತೆ, ಫಿಲ್ಟರ್ ಕಟ್ಟುತ್ತೆ, ಮೂಟೆ ಹಳೇದಾದಷ್ಟು ಕ್ಲೋರಿನ್ ಎಷ್ಟು ಉಳಿದಿದೆ ಅಂತಾನೂ ಗೊತ್ತಾಗಲ್ಲ. ಡೈಕ್ಲೋರ್ ಹರಳು ತರಿಸ್ಕೊಳ್ಳಿ, ಅದು ನೀರಲ್ಲಿ ಪೂರ್ತಿ ಕರಗೋ ಕ್ಲೋರಿನ್. 56 ಪರ್ಸೆಂಟ್ ಕ್ಲೋರಿನ್ ಇರೋದಾದ್ರೆ 800 ಲೀಟರಿಗೆ 5 ಗ್ರಾಂ, ಒಂದು ಚಿಕ್ಕ ಚಮಚದಷ್ಟು, ಹಾಕಿದ್ರೆ 3.5 ಪಿಪಿಎಂ (ಲೀಟರಿಗೆ 3.5 ಮಿಲಿಗ್ರಾಂ) ಸಿಗುತ್ತೆ, ಬೇಕಾಗಿರೋದು 3ರಿಂದ 5. ನೀರಲ್ಲಿ ಅದ್ದಿ ಬಣ್ಣ ನೋಡೋ ಟೆಸ್ಟ್ ಸ್ಟ್ರಿಪ್ ಇಲ್ಲದೆ ಅಂದಾಜಲ್ಲಿ ಹಾಕಬೇಡಿ. ಡೈಕ್ಲೋರನ್ನೂ ಬ್ಲೀಚಿಂಗನ್ನೂ ಒಂದೇ ಡಬ್ಬಕ್ಕೆ ಸುರಿದುಬಿಟ್ರೆ ಬೆಂಕಿ ಹತ್ತೋ ಅಪಾಯ ಇದೆ, ಒಂದೇ ಚಮಚ ಎರಡಕ್ಕೂ ಬಳಸಬೇಡಿ. ನಮ್ಮ ಬಾವಿ ನೀರು ಮೆದು, ಹುಳಿ ಅಳೆಯೋ ಪಿಎಚ್ 6.5ರ ಹತ್ರ ತೋರಿಸ್ತಿತ್ತು, 7.2ರಿಂದ 7.8ರೊಳಗೆ ಇರ್ಬೇಕು, ಅಡಿಗೆ ಸೋಡಾ ಸ್ವಲ್ಪ ಸ್ವಲ್ಪ ಹಾಕಿ ಏರಿಸ್ತಿದ್ದೆ. ಹುಳಿ ನೀರು ಹೀಟರಿನ ಲೋಹ ತಿನ್ನುತ್ತೆ.

ಆಮೇಲೆ ನೊರೆ. ಗುಳ್ಳೆ ಬಟನ್ ಒತ್ತಿದ್ರೆ ಟಬ್ಬಲ್ಲಿ ಮಡಿಕೇರಿ ಮಂಜು ಎದ್ದಂಗೆ ನೊರೆ ಎದ್ದು ಅಂಚು ದಾಟಿ ಹರಿದಿದ್ದೂ ಉಂಟು. ಕಾರಣ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಮೈಗೆ ಹಾಕಿದ ಲೋಶನ್ನು, ಬಟ್ಟೇಲಿ ಉಳಿದ ಸೋಪಿನ ಪುಡಿ. ಸೋಪು ಹಾಕಿ ಸ್ನಾನ ಮಾಡಿ, ಚೆನ್ನಾಗಿ ತೊಳ್ಕೊಂಡು ಇಳಿಯೋದು ರೂಲ್ ಮಾಡಿ. ನಮ್ಮತ್ತೆ ಒಂದಿನ ಎಣ್ಣೆಸ್ನಾನದ ಎಣ್ಣೆ ಮೈಲಿ ಸೀದಾ ಬಂದು ಕೂತ್ರು, ಏನಂತ ಹೇಳೋದು, ಅವತ್ತು 800 ಲೀಟರೂ ತೋಟಕ್ಕೆ.

ಮೂಗಿಗೆ ಹೊಡೆಯೋ ವಾಸನೆ ಬಂದ್ರೆ ಕ್ಲೋರಿನ್ ಜಾಸ್ತಿ ಆಯ್ತು ಅಂತ ಎಲ್ರೂ ಹೇಳ್ತಾರೆ, ಬಹಳ ಸಲ ಉಲ್ಟಾ. ಬೆವರು ಉಚ್ಚೆ ಜೊತೆ ಸೇರಿ ಕೆಲಸಕ್ಕೆ ಬಾರದ ಕ್ಲೋರಿನ್ ವಾಸನೆ ಅದು. ಮುಚ್ಚಳ ತೆಗೆದು, ಯಾರೂ ಇಳೀದೆ, ಇನ್ನಷ್ಟು ಹಾಕಿ ಒಂದು ರಾತ್ರಿ ಓಡಿಸ್ಬೇಕು, ಸ್ಟ್ರಿಪ್ಪಲ್ಲಿ 5ರ ಕೆಳಗೆ ಇಳಿದ ಮೇಲೇ ಮತ್ತೆ ಇಳೀಬೇಕು. ಕ್ಲೋರಿನ್ ಇಲ್ಲದ ಬಿಸಿ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆದು ಮೈಮೇಲೆ ಕೆಂಪು ಗುಳ್ಳೆ ಏಳುತ್ತೆ, ನಮ್ಮ ಮಗನಿಗೆ ಆಗಿತ್ತು.

ಮಂಜು_ಮುಸುಕು (ಭಾಗಮಂಡಲ ಕಡೆ):
ಇಷ್ಟೆಲ್ಲಾ ಪಾಡು ಯಾಕೆ ಮಾರಾಯ್ರೆ. ಬಚ್ಚಲೊಲೆಗೆ ಎರಡು ಕಾಫಿ ಬೊಡ್ಡೆ ಇಟ್ರೆ ಹಂಡೆ ತುಂಬ ನೀರು ಕುದಿಯುತ್ತೆ. ನಿಮ್ಮಪ್ಪ ಹೇಳಿದ್ದೇ ಸರಿ.

ಕಾಫಿಕಣ:
ಅಪ್ಪಂಗೆ ಇದನ್ನ ತೋರಿಸಲ್ಲ 😀 ಬಾಲ್ಕನಿ ಪ್ಲಾನ್ ಕೈಬಿಟ್ಟೆ. ಬಕೆಟ್ ಪರೀಕ್ಷೆ ಈಗಷ್ಟೇ ಮಾಡಿದೆ, ಅಕ್ಕ ಹೇಳಿದಂಗೆ ಹಳದಿ ಆಯ್ತು, ಬಾವಿಯಿಂದ ಪೈಪ್ ಎಳೀತೀನಿ. ಹಂಡೆ ಅಂದ ಕೂಡ್ಲೆ ಒಂದು ಐಡಿಯಾ ಬಂತು, ಹಂಡೇಲಿ ಕಾಯಿಸಿದ ನೀರನ್ನೇ ಟಬ್ಬಿಗೆ ಹಾಕಿದ್ರೆ ಕರೆಂಟ್ ಉಳಿಯುತ್ತಲ್ವಾ? ಇನ್ನೊಂದು, ಟಬ್ಬಿಗೆ ಗಾಳಿ ತುಂಬಿಸಿಟ್ಟಿದೀನಿ, ಬೆಳಿಗ್ಗೆ ನೋಡಿದ್ರೆ ಅದ್ರ ಗೋಡೆ ಮೆತ್ತಗಾಗಿರುತ್ತೆ, ತೂತಿರ್ಬಹುದಾ?

ಫ್ಯೂಸ್‌ಹೋಯ್ತು:
ಹಂಡೆ ನೀರು ಹಾಕ್ಬಹುದು, ಆದ್ರೆ ಕುದಿಯೋ ನೀರನ್ನ ಸೀದಾ ಟಬ್ಬಿನ ಪಿವಿಸಿ ಪ್ಲಾಸ್ಟಿಕ್ ಮೇಲೆ ಸುರಿದ್ರೆ ಹೊಲಿಗೆ ಬಿಡುತ್ತೆ. ಟಬ್ಬಲ್ಲಿ ತಣ್ಣೀರು ಮುಕ್ಕಾಲು ತುಂಬಿದ ಮೇಲೆ ಬೆರೆಸಿ, ಮತ್ತೆ 40 ಡಿಗ್ರಿ ದಾಟಬಾರದು, ಟಬ್ಬಿಗೂ ಮೈಗೂ. ಬಿಪಿ ಇರೋರು, ಗರ್ಭಿಣಿಯರು ಡಾಕ್ಟ್ರನ್ನ ಕೇಳಿ. ಎರಡು ಪೆಗ್ ಹಾಕಿ ಇಳಿಯೋರಿಗೆ ನಾನೇ ಹೇಳ್ತೀನಿ, ಬೇಡ, ಬಿಸಿ ನೀರಲ್ಲಿ ತಲೆ ಸುತ್ತಿ ಅಲ್ಲೇ ನಿದ್ದೆ ಹೋಗ್ತೀರ.

ಬೆಳಿಗ್ಗೆ ಮೆತ್ತಗಾಗೋದು ಚಳಿಗೆ ಗಾಳಿ ಕುಗ್ಗೋದ್ರಿಂದ, ಹನ್ನೊಂದು ಗಂಟೆ ಬಿಸಿಲಿಗೆ ಮತ್ತೆ ಗಟ್ಟಿ ಆದ್ರೆ ತೂತಿಲ್ಲ. ಬೆಳಿಗ್ಗೆಯೇ ಹೋಗಿ ಗಟ್ಟಿಯಾಗಿ ಗಾಳಿ ತುಂಬಿಸ್ಬೇಡಿ, ಮಧ್ಯಾಹ್ನ ಉಬ್ಬಿ ಒಳಗಿನ ಪಟ್ಟಿ ಕಿತ್ತೋಗುತ್ತೆ. ಅನುಮಾನ ಇದ್ರೆ ಸೋಪಿನ ನೀರು ಸವರಿ ಗುಳ್ಳೆ ಎಲ್ಲಿ ಬರುತ್ತೆ ನೋಡಿ. ಮೊದಲು ವಾಲ್ವ್ ಸುತ್ತ ನೋಡಿ, ನಮ್ಮದ್ರಲ್ಲಿ ಯಾವಾಗ್ಲೂ ಅಲ್ಲೇ. ಕೆಳಗೆ ದಪ್ಪ ಫೋಮ್ ಮ್ಯಾಟ್ ಹಾಸಿ, ಸಿಮೆಂಟು ನೆಲ ಅಷ್ಟು ಬಿಸಿ ಹೀರುತ್ತೆ.

ಮನೆಬೆಲ್ಲಕಾಪಿ:
ಫಿಲ್ಟರ್ ಎರಡು ಮೂರು ದಿನಕ್ಕೊಮ್ಮೆ ಪೈಪ್ ನೀರಲ್ಲಿ ತೊಳೀರಿ, ಎರಡು ಮೂರು ಎಕ್ಸ್‌ಟ್ರಾ ಇಟ್ಕೊಳ್ಳಿ. ಟಬ್ಬು ಇಂಟೆಕ್ಸ್ ಕಂಪ್ನೀದಾದ್ರೆ ಎಸ್1 ಫಿಲ್ಟರ್, ಬೆಸ್ಟ್‌ವೇ ಆದ್ರೆ ಸಾಮಾನ್ಯವಾಗಿ ಸೈಜ್ 6, ಒಂದ್ರದ್ದು ಇನ್ನೊಂದಕ್ಕೆ ಕೂರಲ್ಲ. ಡಿಸ್ಪ್ಲೇಲಿ ಎರರ್ ಬಂದು ನಿಂತ್ರೆ ಫಿಲ್ಟರ್ ತೆಗೆದು ಒಂದು ನಿಮಿಷ ಓಡಿಸಿ ನೋಡಿ, ಓಡಿದ್ರೆ ಫಿಲ್ಟರ್ ಕಟ್ಟಿದೆ ಅಷ್ಟೇ, ಮೆಕ್ಯಾನಿಕ್ ಬೇಡ.

ನೀರು ಬದಲಾಯಿಸೋವಾಗ ಎರಡು ಮೂರು ದಿನ ಕ್ಲೋರಿನ್ ಹಾಕದೆ ತೆರೆದಿಡಿ, ಸ್ಟ್ರಿಪ್ಪಲ್ಲಿ ಸೊನ್ನೆ ಬಂದ ಮೇಲೆ ತೋಟದಲ್ಲಿ ಹರಡಿ ಬಿಡಿ. ಮೀನಿನ ಕೆರೆಗೆ ಬಿಡ್ಬೇಡಿ, ಒಳ್ಳೆಮೆಣಸಿನ ಬುಡಕ್ಕೂ ಅಷ್ಟು ನೀರು ಒಟ್ಟಿಗೆ ಬೇಡ, ಬಳ್ಳಿ ಸೊರಗುತ್ತೆ.

ಮುಖ್ಯವಾದ್ದು ಮರೆತಿದ್ದೆ. ಮೇ ಎರಡನೇ ವಾರದೊಳಗೆ ಬಿಚ್ಚಿಬಿಡಿ. ನಾವು ಇನ್ನೂ ಸ್ವಲ್ಪ ದಿನ ಅಂತ ಜೂನ್‌ವರೆಗೆ ಬಿಟ್ವಿ, ಮಳೆ ಹಿಡೀತು, ಒಣಗಿಸೋಕೆ ಬಿಸಿಲೇ ಇಲ್ಲ, ಒದ್ದೆ ಮಡಚಿ ಅಟ್ಟಕ್ಕೆ ಹಾಕಿದ್ವಿ. ಕಕ್ಕಡ (ಜುಲೈ-ಆಗಸ್ಟಿನ ಜಡಿಮಳೆ ತಿಂಗಳು) ಕಳೆದು ತೆಗೆದ್ರೆ ಒಳಗೆಲ್ಲಾ ಬೂಷ್ಟು, ಮೇಲಿಂದ ಇಲಿ ಮಡಿಕೆ ಮಡಿಕೇಲೂ ಕಡಿದು ಹದಿನಾಲ್ಕು ತೂತು, ಎಣಿಸಿದೀನಿ. ಪ್ಲಾಸ್ಟಿಕ್ ಡ್ರಮ್ಮಲ್ಲಿ ಮುಚ್ಚಳ ಬಿಗಿದಿಡಿ.

ಕಾಫಿಕಣ:
ಕಾಫಿ ಬೀಜ ಇಡೋ ಖಾಲಿ ಡ್ರಮ್ ಇದೆ. ಶನಿವಾರ ತುಂಬಿಸ್ತೀನಿ. ಅಪ್ಪ ಈಗ ತಾನೇ ಬಂದು "ಮಂಡಿ ನೋವಿಗೆ ಒಳ್ಳೇದಾ ಅದು" ಅಂತ ಕೇಳ್ಕೊಂಡು ಹೋದ್ರು.