ಸಹಾಯ ಬೇಕು: ರಕ್ತದೊತ್ತಡ ಇಳಿದದ್ದು ನಮ್ಮ ಸಲಹೆಯಿಂದಲೇ ಎಂದು ಹೇಗೆ ಹೇಳುವುದು?

ನಮಸ್ಕಾರ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯೆಯಾಗಿದ್ದೇನೆ. ನಾನು ಮತ್ತು ಇಬ್ಬರು ನರ್ಸ್‌ಗಳು ಮೊದಲ ಬಾರಿಗೆ ಸಂಶೋಧನೆಗೆ ಕೈಹಾಕಿದ್ದೇವೆ. ರಕ್ತದೊತ್ತಡ 140/90 ದಾಟಿದವರನ್ನು ಆರಿಸಿ, ಉಪ್ಪು ಕಡಿಮೆ ಮಾಡುವ ಬಗ್ಗೆ ಒಬ್ಬೊಬ್ಬರ ಜೊತೆಗೂ ಹತ್ತು ನಿಮಿಷ ಕುಳಿತು ಮಾತನಾಡಿ, ಮೂರು ತಿಂಗಳ ನಂತರ ಮತ್ತೆ ಅಳೆಯುವುದು ನಮ್ಮ ಯೋಜನೆ. ನೈತಿಕ ಸಮಿತಿಗೆ ಕೊಡುವ ಅರ್ಜಿಯ ಕರಡು ಸಿದ್ಧವಿದೆ.

ಹಳೆಯ ದಾಖಲೆ ಪುಸ್ತಕ ತಿರುವಿದಾಗ 150, 160 ಎಂದು ಸೊನ್ನೆಯಲ್ಲೇ ಮುಗಿಯುವ ಅಂಕಿಗಳು ಸಾಲುಸಾಲಾಗಿದ್ದವು; ಅಂದಾಜಿಗೆ ಹತ್ತಿರದ ಅಂಕಿ ಬರೆದಂತಿತ್ತು. ಹಾಗಾಗಿ ಈಗ ಐದು ನಿಮಿಷ ಸುಮ್ಮನೆ ಕೂರಿಸಿ, ಡಿಜಿಟಲ್ ಉಪಕರಣದಲ್ಲಿ ಎರಡು ಸಲ ಅಳೆಯುತ್ತಿದ್ದೇವೆ.

ತೊಡಕು ಬೇರೆಯದು. ಹೆಚ್ಚಿದ್ದವರನ್ನೇ ಆರಿಸಿದರೆ, ಏನೂ ಮಾಡದಿದ್ದರೂ ಮುಂದಿನ ಸಲ ಗುಂಪಿನ ಸರಾಸರಿ ತುಸು ಇಳಿಯುತ್ತದೆ ಎಂದು ಓದಿದೆ. ಅಂದರೆ ಹೋಲಿಕೆಗೆ ಇನ್ನೊಂದು ಗುಂಪು ಬೇಕೇ ಬೇಕು. ಆದರೆ ಎದುರಿಗೆ ಕುಳಿತ ರೋಗಿಯನ್ನು ಉಪ್ಪಿನ ಸಲಹೆ ಹೇಳದೆ ಕಳುಹಿಸಲು ನನಗೆ ಮನಸ್ಸು ಬರುತ್ತಿಲ್ಲ.

ಚೀಟಿ ಎತ್ತಿ ಅರ್ಧ ಜನರಿಗೆ ಈಗಲೇ ಸಲಹೆ, ಉಳಿದವರಿಗೆ ಎಂದಿನ ಚಿಕಿತ್ಸೆ ಮುಂದುವರಿಸಿ ಮೂರು ತಿಂಗಳ ನಂತರ ಅದೇ ಸಲಹೆ ಕೊಟ್ಟರೆ ಸರಿಯಾದೀತೇ? ಕಾಯುವ ಬೆಂಚಿನಲ್ಲಿ ರೋಗಿಗಳು ತಮ್ಮ ತಮ್ಮಲ್ಲೇ ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಹಾಗಿರುವಾಗ ಚೀಟಿಯನ್ನು ರೋಗಿಗೊಂದರಂತೆ ಎತ್ತಬೇಕೇ, ವಾರಕ್ಕೊಂದರಂತೆ ಎತ್ತಿ ಆ ವಾರ ಬಂದವರನ್ನೆಲ್ಲ ಒಂದೇ ಗುಂಪಿಗೆ ಸೇರಿಸಬೇಕೇ? ಚಿಕ್ಕ ಕೇಂದ್ರದಲ್ಲಿ ಇಂತಹ ಅಧ್ಯಯನ ಮಾಡಿದವರು ದಯವಿಟ್ಟು ತಿಳಿಸುತ್ತೀರಾ?