ಪುನರುಜ್ಜೀವನ, ನವೀಕರಣ, ಪುನರಭಿವೃದ್ಧಿ: ನಗರಯೋಜನೆಯಲ್ಲಿ ಯಾವುದಕ್ಕೆ ಯಾವ ಪದ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಗರಯೋಜನೆಯ ಪಠ್ಯವೊಂದು ಕನ್ನಡಕ್ಕೆ ಬರುತ್ತಿದೆ. ಅದರಲ್ಲಿ ಅರ್ಬನ್ ರಿನ್ಯೂವಲ್, ರಿಜನರೇಷನ್, ರಿಡೆವಲಪ್‌ಮೆಂಟ್, ರಿಟ್ರೊಫಿಟಿಂಗ್ ಎಂಬ ನಾಲ್ಕು ಮಾತುಗಳು ಒಂದೇ ಪುಟದಲ್ಲಿ ಬರುತ್ತವೆ. ಪತ್ರಿಕೆಗಳಲ್ಲಿ ನಾಲ್ಕಕ್ಕೂ ಒಮ್ಮೆ ‘ನವೀಕರಣ’, ಇನ್ನೊಮ್ಮೆ ‘ಪುನರಾಭಿವೃದ್ಧಿ’ ಎಂದಿರುತ್ತದೆ. ಇವುಗಳ ನಡುವೆ ಕೆಲಸದ ಮಟ್ಟದಲ್ಲಿ ನಿಜಕ್ಕೂ ವ್ಯತ್ಯಾಸ ಇದೆಯೇ? ಇದ್ದರೆ ಯಾವುದಕ್ಕೆ ಯಾವ ಪದ ಒಪ್ಪುತ್ತದೆ? ‘ಬಫರ್’, ‘ಬ್ರೌನ್‌ಫೀಲ್ಡ್’ ಇವನ್ನು ಹೇಗೆ ಹೇಳುವುದು? ತಿಳಿದವರು ತಿಳಿಸಬೇಕು.

ಉತ್ತರ 1

ಮೊದಲು ಕಾಗುಣಿತ. ಪುನಃ ಎಂಬುದಕ್ಕೆ ಅಭಿವೃದ್ಧಿ ಸೇರಿದರೆ ಆಗುವುದು ‘ಪುನರಭಿವೃದ್ಧಿ’. ‘ರಾ’ ಎಂಬ ದೀರ್ಘಕ್ಕೆ ಅಲ್ಲಿ ಕಾರಣವೇ ಇಲ್ಲ. ಪುನರುತ್ಥಾನ, ಪುನರ್ವಸತಿ, ಪುನಶ್ಚೇತನ ಇವುಗಳಲ್ಲಿ ಯಾರೂ ತಪ್ಪುವುದಿಲ್ಲ, ಇದೊಂದರಲ್ಲಿ ಮಾತ್ರ ಎಲ್ಲರೂ ಎಳೆಯುತ್ತಾರೆ. ಪಠ್ಯದಲ್ಲಿ ಸರಿಯಾದ ರೂಪವನ್ನೇ ಉಳಿಸಿಕೊಳ್ಳಿ.

ವ್ಯತ್ಯಾಸ ಖಂಡಿತ ಇದೆ, ಅದೂ ಜನರ ಮನೆಮಠಕ್ಕೆ ತಗಲುವಂಥದು. ಕೇಂದ್ರ ಸರ್ಕಾರದ 2015ರ ಸ್ಮಾರ್ಟ್ ಸಿಟಿ ಮಾರ್ಗಸೂಚಿಯನ್ನು ನೋಡಿ. ಅಲ್ಲಿ ರಿಟ್ರೊಫಿಟಿಂಗ್‌ಗೆ ಕನಿಷ್ಠ 500 ಎಕರೆ ಬೇಕಿತ್ತು, ರಿಡೆವಲಪ್‌ಮೆಂಟ್‌ಗೆ 50 ಎಕರೆ ಸಾಕಿತ್ತು, ಹೊಸ ಬಡಾವಣೆಯ ಮಾದರಿಗೆ 250 ಎಕರೆ. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಲ್ಲಿ ಈ ಅಳತೆ ಅರ್ಧಕ್ಕಿಳಿಯುತ್ತಿತ್ತು. 500ಕ್ಕೂ 50ಕ್ಕೂ ಇಷ್ಟು ಅಂತರ ಏಕೆ ಎಂದರೆ, ಮೊದಲನೆಯದರಲ್ಲಿ ಕಟ್ಟಡಗಳು ಬಹುಮಟ್ಟಿಗೆ ಇದ್ದಂತೆಯೇ ಇರುತ್ತವೆ. ನೀರು, ಒಳಚರಂಡಿ, ಬೀದಿದೀಪ, ಪಾದಚಾರಿ ಮಾರ್ಗ ಸುಧಾರಿಸುತ್ತವೆ, ಅಷ್ಟೆ. ಎರಡನೆಯದರಲ್ಲಿ ಇದ್ದುದನ್ನು ಕೆಡವಿ, ನಕ್ಷೆಯನ್ನೇ ಬದಲಿಸಿ, ಹೆಚ್ಚು ಎತ್ತರಕ್ಕೆ ಕಟ್ಟುತ್ತಾರೆ. ಮಾರ್ಗಸೂಚಿಯೇ ಕೊಟ್ಟ ಉದಾಹರಣೆಗಳು ಮುಂಬೈಯ ಭೇಂಡಿ ಬಜಾರಿನ ಯೋಜನೆ ಮತ್ತು ದೆಹಲಿಯ ಪೂರ್ವ ಕಿದ್ವಾಯಿ ನಗರ. ರಿಟ್ರೊಫಿಟಿಂಗ್, ರಿಡೆವಲಪ್‌ಮೆಂಟ್ ಎರಡಕ್ಕೂ ‘ನವೀಕರಣ’ ಎಂದು ಬರೆದರೆ, ಓದುವ ನಿವಾಸಿಗೆ ತನ್ನ ಬೀದಿಗೆ ಹೊಸ ಚರಂಡಿ ಬರುತ್ತದೋ ತನ್ನ ಮನೆಯೇ ಹೋಗುತ್ತದೋ ತಿಳಿಯುವುದಿಲ್ಲ. ಆಕ್ಷೇಪಣೆ ಸಲ್ಲಿಸಲು ಕೊಟ್ಟ ದಿನಗಳೆಲ್ಲ ಈ ಗೊಂದಲದಲ್ಲೇ ಕಳೆದುಹೋಗುತ್ತವೆ.

ಹಾಗಾಗಿ ನನ್ನ ಸಲಹೆ: ಕೆಡವಿ ಕಟ್ಟುವುದಕ್ಕೆ ‘ಪುನರಭಿವೃದ್ಧಿ’, ಮೊದಲ ಸಲ ಬಂದಾಗ ಪಕ್ಕದಲ್ಲೇ ‘ಕೆಡವಿ ಕಟ್ಟುವ ಯೋಜನೆ’ ಎಂಬ ವಿವರಣೆ. ಇದ್ದುದನ್ನು ಉಳಿಸಿ ಸೌಕರ್ಯ ಹೆಚ್ಚಿಸುವುದಕ್ಕೆ ‘ಮರುಸಜ್ಜು’. ‘ಸುಧಾರಣೆ’ ಇನ್ನೂ ಸರಳ, ಆದರೆ ಅದಕ್ಕೆ ಹಳೆಯ ತೊಡಕೊಂದಿದೆ. ಮೈಸೂರಿನಲ್ಲಿ 1903ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಕನ್ನಡದಲ್ಲಿ ‘ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ’ ಆಯಿತು. ಅಂದಿನಿಂದ ಸುಧಾರಣೆ, ಅಭಿವೃದ್ಧಿ ಎರಡೂ ಒಂದೇ ಎಂಬಂತೆ ಬಳಕೆಯಾಗುತ್ತಿವೆ.

ಮರುಸಜ್ಜಿನ ಕೆಲಸ ಎಲ್ಲಿ ಕೆಡುತ್ತದೆ ಎಂಬುದನ್ನು ಬರೆಯುವಾಗಲೂ ಪದ ಖಚಿತವಾಗಿರಬೇಕು. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಎಂಬ ಯೋಜನೆಯಡಿ ಮರುಸಜ್ಜುಗೊಳಿಸಿದ ರಸ್ತೆಗಳಲ್ಲಿ ನೀರಿನ ಕೊಳವೆ, ವಿದ್ಯುತ್ ಕೇಬಲ್, ದೂರಸಂಪರ್ಕದ ಕೇಬಲ್‌ಗಳನ್ನು ಪಾದಚಾರಿ ಮಾರ್ಗದ ಕೆಳಗೆ ಒಯ್ದು, ನಡುನಡುವೆ ತಪಾಸಣೆ ಗುಂಡಿಗಳನ್ನು ಬಿಟ್ಟಿದ್ದಾರೆ. ಮುಂದೆ ದುರಸ್ತಿಗಾಗಿ ರಸ್ತೆ ಅಗೆಯಬಾರದು ಎಂಬುದು ಉದ್ದೇಶ. ಬರೀ ‘ಡಾಂಬರೀಕರಣ’ ಎಂದಾಗ ಈ ಯಾವುದೂ ಅದರೊಳಗಿಲ್ಲ. ಹಳೆಯ ಪದರವನ್ನು ಕೆರೆದು ತೆಗೆಯದೆ ಮೇಲಿಂದ ಮೇಲೆ 40 ಮಿಲಿಮೀಟರಿನ ಪದರ ಹಾಕಿದರೆ ಮೂರನೆಯ ಸಲಕ್ಕೆ ರಸ್ತೆ 12 ಸೆಂಟಿಮೀಟರು ಎದ್ದಿರುತ್ತದೆ. ಆಗ ಮಳೆನೀರು ಚರಂಡಿಯ ಬಾಯಿಗೆ ಹೋಗದೆ ಹೊಸ್ತಿಲಿನ ಕಡೆ ತಿರುಗುತ್ತದೆ. ಗುತ್ತಿಗೆದಾರರು ಈ ಕೆರೆತಕ್ಕೆ ‘ಮಿಲ್ಲಿಂಗ್’ ಎನ್ನುತ್ತಾರೆ. ಪಠ್ಯದಲ್ಲಿ ‘ಹಳೆ ಪದರ ಕೆರೆಯುವುದು’ ಎಂದರೆ ಯಾರಿಗೂ ಅರ್ಥವಾಗುತ್ತದೆ.

ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂದು ಹೇಳುವ ಎಫ್‌ಎಆರ್‌ಗೆ ‘ನೆಲವಿಸ್ತಾರ ಅನುಪಾತ’ ಸರಿ, ಆದರೆ ಒಂದು ಲೆಕ್ಕವನ್ನು ಜೊತೆಗಿಡಿ: ಮೂವತ್ತು ನಲವತ್ತರ ನಿವೇಶನ ಎಂದರೆ 1200 ಚದರಡಿ. ಅನುಪಾತ 1.75 ಇದ್ದರೆ ಎಲ್ಲ ಅಂತಸ್ತುಗಳೂ ಸೇರಿ 2100 ಚದರಡಿ ಕಟ್ಟಬಹುದು. ಇದನ್ನು ಅಂತಸ್ತುಗಳ ಸಂಖ್ಯೆ ಎಂದು ತಿಳಿಯುವವರೇ ಹೆಚ್ಚು.

ಉತ್ತರ 2

ಮೇಲಿನವರು ಹೇಳಿದ್ದಕ್ಕೆ ರಿನ್ಯೂವಲ್, ರಿಜನರೇಷನ್ ಎರಡನ್ನೂ ಸೇರಿಸುತ್ತೇನೆ. ಅಮೆರಿಕದಲ್ಲಿ 1949ರ ವಸತಿ ಕಾಯ್ದೆಯ ಹಣದಿಂದ ನಗರಗಳ ಹಳೆಯ ಕೇರಿಗಳನ್ನು ಸಗಟಾಗಿ ಕೆಡವಿದರು. ಆ ಕಾರ್ಯಕ್ರಮಕ್ಕೆ ಅಂಟಿಕೊಂಡ ಹೆಸರು ಅರ್ಬನ್ ರಿನ್ಯೂವಲ್, ಅದರ ಕೆಟ್ಟ ನೆನಪು ಆ ಮಾತಿಗೇ ಮೆತ್ತಿಕೊಂಡಿತು. ಬ್ರಿಟನ್ನಿನಲ್ಲಿ ಬಂದರು, ಕಾರ್ಖಾನೆ ಮುಚ್ಚಿದ ಪ್ರದೇಶಗಳಿಗೆ ಉದ್ಯೋಗ, ವಸತಿ, ಸಾರಿಗೆಯನ್ನು ಮತ್ತೆ ತರುವ ಕೆಲಸಕ್ಕೆ ರಿಜನರೇಷನ್ ಎಂಬ ಮಾತು ಬಳಕೆಗೆ ಬಂತು. 1981ರಲ್ಲಿ ಶುರುವಾದ ಲಂಡನ್ ಡಾಕ್‌ಲ್ಯಾಂಡ್ಸ್ ನಿಗಮ ಅದರ ಹೆಸರಾಂತ ಉದಾಹರಣೆ. ನಮ್ಮಲ್ಲಿ 2005ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ನಗರ ಯೋಜನೆ ಜೆ-ನರ್ಮ್‌ನ (ಜವಾಹರಲಾಲ್ ನೆಹರೂ ನ್ಯಾಷನಲ್ ಅರ್ಬನ್ ರಿನ್ಯೂವಲ್ ಮಿಷನ್) ಹೆಸರಿನಲ್ಲಿ ರಿನ್ಯೂವಲ್ ಇದ್ದರೂ ಹಣ ಹೋದದ್ದು ಹೆಚ್ಚಾಗಿ ನೀರು, ಒಳಚರಂಡಿ, ರಸ್ತೆ, ಬಸ್ಸುಗಳಿಗೆ. ಅದಕ್ಕೆ ‘ನಗರ ನವೀಕರಣ’ ಎಂಬ ಬಳಕೆ ನಿಂತಿದೆ, ಬದಲಿಸುವುದು ಬೇಡ. ರಿಜನರೇಷನ್‌ಗೆ ‘ಪುನಶ್ಚೇತನ’ ನನಗೆ ಹಿಡಿಸುತ್ತದೆ. ‘ಪುನರುಜ್ಜೀವನ’ವೂ ನಡೆದೀತು, ಆದರೆ ಅದು ಸತ್ತದ್ದು ಎದ್ದಂತೆ ಕೇಳಿಸುತ್ತದೆ. ಈ ಕೇರಿಗಳು ಸತ್ತಿರುವುದಿಲ್ಲ, ಅಲ್ಲಿ ಜನ ಬದುಕುತ್ತಿರುತ್ತಾರೆ.

ಬ್ರೌನ್‌ಫೀಲ್ಡ್‌ಗೆ ‘ಕಂದು ನೆಲ’ ಎಂದು ಬರೆದದ್ದನ್ನು ನೋಡಿದರೆ ಸಂಕಟವಾಗುತ್ತದೆ, ಓದುಗ ಮಣ್ಣಿನ ಬಣ್ಣ ನೆನೆಸಿಕೊಳ್ಳುತ್ತಾನೆ. ‘ಕಾರ್ಖಾನೆ ಮುಚ್ಚಿದ ನೆಲ’ ಎನ್ನಿ. ಬೆಂಗಳೂರಿನವರಿಗಾದರೆ ‘ಬಿನ್ನಿ ಮಿಲ್ಲಿನಂಥ ಜಾಗ’ ಎಂದರೆ ಮುಗಿಯಿತು. ಆ ನೆಲದಲ್ಲಿ ಈಗ ವಸತಿ ಸಮುಚ್ಚಯಗಳಿವೆ.

ಒಂದು ಪದದ ಅರ್ಥ ನಗರವನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ಮುಂಬೈಯ ಗಿರಣಿ ನೆಲದ ಪ್ರಕರಣವನ್ನು ಪಠ್ಯದಲ್ಲಿ ಸೇರಿಸಲೇಬೇಕು. 1982ರ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಸೊರಗಿದವು. ಅವುಗಳ ನೆಲ ಸುಮಾರು 600 ಎಕರೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮ 58ರ ಪ್ರಕಾರ, ಕೆಡವಿ ಕಟ್ಟುವುದಾದರೆ ನೆಲವನ್ನು ಸ್ಥೂಲವಾಗಿ ಮೂರು ಪಾಲು ಮಾಡಬೇಕಿತ್ತು: ಒಂದು ಪಾಲು ಪಾಲಿಕೆಗೆ, ಉದ್ಯಾನ ಮತ್ತು ಆಟದ ಬಯಲಿಗಾಗಿ, ಇನ್ನೊಂದು ಸಾರ್ವಜನಿಕ ವಸತಿಗೆ, ಮೂರನೆಯದು ಮಾಲೀಕರಿಗೆ. 2001ರ ತಿದ್ದುಪಡಿ ಈ ಹಂಚಿಕೆಯನ್ನು ‘ಖಾಲಿ ನೆಲ’ಕ್ಕೆ ಸೀಮಿತಗೊಳಿಸಿತು. ಖಾಲಿ ಎಂದರೆ ಯಾವುದು? ಮೊದಲಿನಿಂದ ಕಟ್ಟಡವಿಲ್ಲದ ಜಾಗ ಮಾತ್ರವೋ, ಶೆಡ್ಡು ಕೆಡವಿದ ಮೇಲೆ ಬರಿದಾಗುವ ಜಾಗವೂ ಸೇರುತ್ತದೋ? 2005ರಲ್ಲಿ ಬಾಂಬೆ ಹೈಕೋರ್ಟ್ ಎರಡನೆಯ ಅರ್ಥ ಹಿಡಿಯಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಮೊದಲನೆಯದನ್ನು ಎತ್ತಿಹಿಡಿಯಿತು. ಗಿರಣಿಗಳ ನೆಲದ ಬಹುಭಾಗ ಶೆಡ್ಡುಗಳಿಂದ ತುಂಬಿದ್ದರಿಂದ ಊರಿಗೆ ದಕ್ಕಬೇಕಾದ ಬಯಲು ಬಹಳ ಕುಗ್ಗಿಹೋಯಿತು. ಕನ್ನಡದಲ್ಲಿ ‘ಖಾಲಿ ಇದ್ದ ನೆಲ’ ಮತ್ತು ‘ತೆರವಾದ ನೆಲ’ ಎಂದು ಬೇರೆ ಬೇರೆ ಬರೆದರೆ ಈ ವಾದ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಎರಡನ್ನೂ ಬೆರೆಸಬೇಡಿ.

ಸಸ್ಟೇನಬಲ್‌ಗೆ ‘ಸುಸ್ಥಿರ’ ನೆಲೆಗೊಂಡಿದೆ. ಸಾಕು. ‘ಸ್ಥಿರ ಅಭಿವೃದ್ಧಿ’ ಎಂದು ಮೊಟಕು ಮಾಡಿದರೆ ಮಾತ್ರ ಅರ್ಥ ಕೆಡುತ್ತದೆ.

ಉತ್ತರ 3

ಕೆರೆಯ ವಿಷಯವನ್ನು ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ‘ಕೆರೆ ಅಭಿವೃದ್ಧಿ’ ಎಂಬ ಫಲಕದ ಹಿಂದೆ ಸಾಮಾನ್ಯವಾಗಿ ನಡೆಯುವುದು ಸುತ್ತಲೂ ಏರಿ ಹಾಕಿ, ಮೇಲೆ ನಡಿಗೆ ಪಥ ಮಾಡಿ, ಬೇಲಿ ಕಟ್ಟುವುದು. ನಮ್ಮ ಕೆರೆಗಳಿಗೆ ಏರಿ ಇರುವುದು ತಗ್ಗಿನ ಕಡೆ ಮಾತ್ರ. ಎದುರಿನ ಅಂಚು ಇಳಿಜಾರಾಗಿ ನೀರು ಹರಿದುಬರುವ, ಜೊಂಡು ಬೆಳೆಯುವ ಜೌಗು. ಅಲ್ಲೂ ಏರಿ ಎದ್ದರೆ ಮಳೆನೀರು ಒಳಗೆ ಬರಲಾರದೆ ಬಡಾವಣೆಯಲ್ಲೇ ನಿಲ್ಲುತ್ತದೆ. ಕೋಡಿಯ ಮಟ್ಟವನ್ನು ಅರ್ಧ ಅಡಿ ಏರಿಸಿದರೂ ಮೇಲಿನ ಮನೆಗಳಿಗೆ ನೀರು, ಇಳಿಸಿದರೆ ಕೆರೆಯ ಹೊಟ್ಟೆಯೇ ಸಣ್ಣದು. ಇದಕ್ಕೆ ‘ಪುನಶ್ಚೇತನ’ ಎಂಬ ಪದ ಸಲ್ಲಬೇಕಾದರೆ ಮೊದಲು ಕೊಳಚೆಯನ್ನು ಬೇರೆ ಕೊಳವೆಗೆ ತಿರುಗಿಸಬೇಕು, ಆಮೇಲೆ ಹೂಳೆತ್ತಬೇಕು, ಆಮೇಲೆ ತೂಬು, ಕೋಡಿ, ಒಳಹರಿವಿನ ಜೌಗು. ಅನುಕ್ರಮ ತಲೆಕೆಳಗಾದರೆ ಎತ್ತಿದ ಹೂಳು ಕೊಳಚೆಯ ಜೊತೆ ಮತ್ತೆ ತುಂಬಿಕೊಳ್ಳುತ್ತದೆ. ಜಕ್ಕೂರು ಕೆರೆಯಲ್ಲಿ ಸಂಸ್ಕರಣಾ ಘಟಕದ ನೀರು ಜೌಗಿನ ಮೂಲಕ ಹಾದು ಕೆರೆಗೆ ಸೇರುವ ಏರ್ಪಾಡು ಇದೆ. ಪಠ್ಯಕ್ಕೆ ಅದು ಒಳ್ಳೆಯ ಉದಾಹರಣೆ.

ಕೆರೆ, ಕಾಲುವೆಗಳ ಪಕ್ಕದಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ‘ಬಫರ್’ಗೆ ‘ಮೀಸಲು ಅಂಚು’ ಎನ್ನಬಹುದು. ಆದರೆ ಪದಕ್ಕಿಂತ ಹೆಚ್ಚು ಅಪಾಯ ಇರುವುದು ಅಳತೆಯ ವಾಕ್ಯದಲ್ಲಿ. 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ‘ಪರಿಷ್ಕೃತ ಮಹಾಯೋಜನೆ 2015’ರಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಪ್ರಾಥಮಿಕ, ದ್ವಿತೀಯ, ತೃತೀಯ ಎಂಬ ಕ್ರಮದಲ್ಲಿ 50, 25, 15 ಮೀಟರ್. ಕಾಲುವೆಯ ಅಳತೆ ಮಧ್ಯರೇಖೆಯಿಂದ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಗೆ 75, ಕಾಲುವೆಗಳಿಗೆ 50, 35, 25 ಎಂದಿತು, ಅದೂ ಅಂಚಿನಿಂದ. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಏರಿಕೆಯನ್ನು ರದ್ದುಮಾಡಿತು. ಪ್ರಾಥಮಿಕ ಕಾಲುವೆಗೆ ಮಹಾಯೋಜನೆ, ನ್ಯಾಯಮಂಡಳಿಯ ಆದೇಶ ಎರಡರಲ್ಲೂ 50 ಎಂದೇ ಇರುವುದರಿಂದ ವ್ಯತ್ಯಾಸವಿಲ್ಲ ಎಂದು ತೋರುತ್ತದೆ. ಆದರೆ ಕಾಲುವೆ 20 ಮೀಟರ್ ಅಗಲವಿದ್ದರೆ ಮಧ್ಯರೇಖೆಯಿಂದ 50 ಅಂದರೆ ದಡದಿಂದ 40 ಮಾತ್ರ. ‘ಕಾಲುವೆಯಿಂದ 50 ಮೀಟರ್’ ಎಂಬ ವಾಕ್ಯ ಆ 10 ಮೀಟರನ್ನು ನುಂಗಿಬಿಡುತ್ತದೆ. ಪಠ್ಯದಲ್ಲಿ ಪ್ರತಿ ಸಲವೂ ‘ಮಧ್ಯರೇಖೆಯಿಂದ’ ಅಥವಾ ‘ದಡದ ಅಂಚಿನಿಂದ’ ಎಂದು ಬರೆಯಿರಿ, ಯಾವ ವರ್ಷದ ನಿಯಮ ಎಂಬುದನ್ನೂ ಅದೇ ವಾಕ್ಯದಲ್ಲಿ ಸೇರಿಸಿ.