ಫೋಟೋ ಮೇಲೆ ಕನ್ನಡ ಅಕ್ಷರ ಕಾಣೋ ಹಾಗೆ ಮಾಡೋದು ಹೇಗೆ? ಪೋಸ್ಟರ್ ಮಾಡಿ ಅನುಭವ ಇರೋರು ಹೇಳಿ

ನಮ್ಮೂರ ಶಾಲೆ ಮೈದಾನದಲ್ಲಿ ಯಕ್ಷಗಾನ ಇಟ್ಕೊಂಡಿದೀವಿ, ಪೋಸ್ಟರ್ ಕೆಲಸ ನನ್ನ ತಲೆಗೆ ಕಟ್ಟಿದಾರೆ, ಲ್ಯಾಪ್‌ಟಾಪ್ ಇರೋನು ನಾನೊಬ್ಬನೇ ಅಂತ. ವೇಷಧಾರಿಯ ಒಳ್ಳೇ ಫೋಟೋ ಇದೆ, ಕಿರೀಟ ಎಲ್ಲಾ ಚಿನ್ನದ ಬಣ್ಣ, ಹಿಂದೆ ಕೆಂಪು ಪರದೆ. ಅದರ ಮೇಲೆ ಹಳದಿ ಹಾಕಿದ್ರೂ ಬಿಳಿ ಹಾಕಿದ್ರೂ ಅಕ್ಷರ ಎದ್ದು ಕಾಣ್ತಿಲ್ಲ, ಶ್ಯಾಡೋ ಕೊಟ್ರೆ ಇನ್ನೂ ಗಲೀಜು. ಎ3 ಪ್ರಿಂಟೂ ಬೇಕು, ವಾಟ್ಸಾಪ್ ಸ್ಟೇಟಸ್‌ಗೂ ಬೇಕು. ಏನ್ ಮಾಡ್ಲಿ?

*

ಸರ್, ತೊಂದರೆ ಬಣ್ಣದ್ದಲ್ಲ, ಜಾಗದ್ದು. ಕಿರೀಟ ಅಂದ್ರೆ ಅದರ ತುಂಬಾ ಮಿಂಚೋ ಚುಕ್ಕಿ, ಒಂದು ಕಡೆ ಬೆಳಕು ಪಕ್ಕದಲ್ಲೇ ಕತ್ತಲು, ಅದರ ಮೇಲೆ ಯಾವ ಬಣ್ಣದ ಅಕ್ಷರ ಇಟ್ರೂ ಅರ್ಧ ಕಾಣುತ್ತೆ ಅರ್ಧ ಕರಗುತ್ತೆ. ನಾನ್ ಮಾಡೋದು ಹೀಗೆ, ವೇಷಧಾರಿನ ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದು ಪಕ್ಕ ಕ್ಯಾನ್ವಾಸ್ ಉದ್ದ ಮಾಡಿ, ಅಲ್ಲಿ ಪರದೆ ಬಣ್ಣನೇ ತುಂಬ್ತೀನಿ. ಆಮೇಲೆ ಆ ಪಕ್ಕದಿಂದ ಒಂದು ಗ್ರೇಡಿಯೆಂಟ್, ಅಂಚಲ್ಲಿ ಗಾಢ, ಮುಖದ ಹತ್ರ ಬರೋಷ್ಟರಲ್ಲಿ ಪೂರ್ತಿ ಮಾಯ, ಬ್ಲೆಂಡ್ ಮೋಡ್ (ಕೆಳಗಿನ ಲೇಯರ್ ಜೊತೆ ಬಣ್ಣ ಬೆರೆಯೋ ರೀತಿ) ಮಲ್ಟಿಪ್ಲೈ. ಇಲ್ಲಿ ಅಚ್ಚ ಕಪ್ಪು ಹಾಕ್ಬೇಡಿ, ಮಸಿ ಬಳಿದ ಹಾಗೆ ಆಗುತ್ತೆ, ಐಡ್ರಾಪರ್‌ನಲ್ಲಿ ಪರದೆಯ ಮಡಿಕೆಯೊಳಗಿನ ಕಡುಗೆಂಪು ತಗೊಳ್ಳಿ, ಫೋಟೋನೇ ಹಾಗಿತ್ತೇನೋ ಅನ್ಸುತ್ತೆ. ಅದರ ಮೇಲೆ ಕೆನೆ ಬಣ್ಣದ ಅಕ್ಷರ ಇಡಿ, ಶ್ಯಾಡೋ ಬೇಕಾಗೋದೇ ಇಲ್ಲ.

ಸರಿ ಬಂತಾ ಅಂತ ನೋಡೋಕೆ ಎರಡು ದಾರಿ. ಕಣ್ಣು ಅರ್ಧ ಮುಚ್ಚಿ ದೂರದಿಂದ ನೋಡಿ. ಇಲ್ಲಾಂದ್ರೆ ಕಾಂಟ್ರಾಸ್ಟ್ ಚೆಕರ್‌ನಲ್ಲಿ ಹಾಕಿ, ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ ಸ್ಕ್ರೀನಿಗೆ ಸಣ್ಣ ಅಕ್ಷರಕ್ಕೆ 4.5:1, ದೊಡ್ಡದಕ್ಕೆ 3:1 ಇರ್ಬೇಕು ಅಂತ ವೆಬ್‌ನವರ ಲೆಕ್ಕ, ಪೋಸ್ಟರ್‌ಗೂ ಅದನ್ನೇ ಹಿಡ್ಕೊಂಡ್ರೆ ಮೋಸ ಇಲ್ಲ.

ಇನ್ನು ಕಿರೀಟದ ತುದಿ ಶೀರ್ಷಿಕೆಯ ಮುಂದೆ ಬರೋ ಹಾಗೆ ಮಾಡೋ ಆಸೆ ಬಂದೇ ಬರುತ್ತೆ ನಿಮಗೆ (ನನಗೂ ಬಂದಿತ್ತು). ಟೆಕ್ಸ್ಟ್ ಲೇಯರ್‌ಗೆ ಮಾಸ್ಕ್ ಹಾಕಿ ಕಿರೀಟ ಬರೋ ಜಾಗ ಅಳಿಸಿದ್ರೆ ಆಯ್ತು, ಚೆನ್ನಾಗೂ ಕಾಣುತ್ತೆ. ಆದ್ರೆ ಕನ್ನಡದಲ್ಲಿ ಗುಡಿಸು ಮುಚ್ಚಿಹೋದ್ರೆ ‘ಕಿ’ ಹೋಗಿ ಏನೋ ಆಗುತ್ತೆ, ಒತ್ತು ಮುಚ್ಚಿದ್ರೆ ಹೆಸರೇ ಬದಲಾಗುತ್ತೆ. ಅಕ್ಷರದ ಹೊಟ್ಟೆ ಸ್ವಲ್ಪ ಮರೆಯಾದ್ರೆ ನಡೆಯುತ್ತೆ, ತಲೆ ಮತ್ತು ಕಾಲು ಮುಟ್ಟಬೇಡಿ.

*

ಫಾಂಟ್ ಯಾವುದು ಬಳಸ್ತಿದೀರಿ? ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಒಡೆದು ಬಂದ್ರೆ ಪ್ರಿಫರೆನ್ಸಸ್, ಟೈಪ್‌ಗೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಿ (ಹಳೇ ವರ್ಷನ್‌ನಲ್ಲಿ ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್ ಅಂತಿರುತ್ತೆ), ಮುಚ್ಚಿ ತೆಗೀರಿ. ಇದು ಗೊತ್ತಿಲ್ದೆ ನಾನು ಎರಡು ವರ್ಷ ಹಳೇ ನುಡಿ ಆಸ್ಕಿ ಫಾಂಟಲ್ಲೇ (ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರ ಇಟ್ಟಿರೋ ಫಾಂಟ್) ಒದ್ದಾಡಿದೀನಿ, ಅದು ನಮ್ಮನೇಲಿ ಚೆನ್ನಾಗೇ ಇರುತ್ತೆ, ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಫ್ರೀ ಸಾಫ್ಟ್‌ವೇರ್‌ಗಳಾದ ಗಿಂಪ್, ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಸರಿ ಬರುತ್ತೆ.

ಶೀರ್ಷಿಕೆಗೆ ಬಾಲೂ ತಮ್ಮ 2 ಅಥವಾ ಅನೆಕ್ ಕನ್ನಡ ನೋಡಿ, ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಫ್ರೀ. ಅನೆಕ್‌ನಲ್ಲಿ ದಪ್ಪ ಅಷ್ಟೇ ಅಲ್ಲ ಅಗಲನೂ ಹೆಚ್ಚು ಕಮ್ಮಿ ಮಾಡ್ಬಹುದು, ಉದ್ದ ಹೆಸರನ್ನ ಎಳೆದು ಚಪ್ಪಟೆ ಮಾಡೋ ಪಾಪ ತಪ್ಪುತ್ತೆ. ಸಾಲಿನ ನಡುವಿನ ಜಾಗ ಮಾತ್ರ ಆಟೋಗೆ ಬಿಡಬೇಡಿ. ಆಟೋ ಅಂದ್ರೆ 120%, ಇಂಗ್ಲಿಷ್‌ಗೆ ಸಾಕು. ಮೇಲಿನ ಸಾಲಲ್ಲಿ ‘ಶ್ರೀಕೃಷ್ಣ’ ಇದ್ದು ಕೆಳಗೆ ‘ಶಾಲೆಯಲ್ಲಿ’ ಬಂದ್ರೆ ಣ-ಒತ್ತು ಹೋಗಿ ಲ್ಲಿ ಗುಡಿಸಿಗೆ ಡಿಕ್ಕಿ. ನಾನು 140ರಿಂದ 150 ಇಡ್ತೀನಿ.

*

ನಾ ಪ್ರೆಸ್‌ನ್ಯಾಗ ಕೆಲಸಾ ಮಾಡಾಂವ್ರಿ. ವಾಟ್ಸಾಪ್‌ನ್ಯಾಗ ಬಂದ ಫೋಟೋ ಹಾಕಿ ಎ3 ಹೊಡೀರಿ ಅಂತಾರ, ಹೆಂಗ್ ಬರ್ತದ ಹೇಳ್ರಿ? ಎ3ಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಅಂದ್ರ 3508 × 4961 ಪಿಕ್ಸೆಲ್ ಬೇಕು. ಫೋಟೋ ತಗದಾಂವಗ ಡಾಕ್ಯುಮೆಂಟ್ ಮಾಡಿ ಕಳಸು ಅನ್ರಿ. ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಸೂ ಮುಂದ ಹೋಗೂ ಹೆಚ್ಚಿನ ಅಂಚು), ಅಕ್ಷರ ಅಂಚಿನಿಂದ ಒಂದ್ ಸೆಂಟಿಮೀಟರ್ ಒಳಗ ಇರ್ಲಿ.

ದೇಣಿಗೆ ಕೊಟ್ಟವರ ಹೆಸರ ಕಪ್ಪ ಫೋಟೋ ಮ್ಯಾಲ ಸಣ್ಣ ಬಿಳಿ ಅಕ್ಷರದಾಗ ಹಾಕಬ್ಯಾಡ್ರಿ. ನಾಕ್ ಬಣ್ಣದಾಗ ಒಂದು ಕೂದಲೆಳಿಯಷ್ಟು ಸರದ್ರೂ ಇಂಕ್ ಅಕ್ಷರದೊಳಗ ಬಂದ ಕೂಡ್ತದ. ಆ ಭಾಗಕ್ಕ ಕೆಳಗ ಒಂದು ತಿಳಿ ಪಟ್ಟಿ ಕೊಟ್ಟು ಬರೇ ಕಪ್ಪ ಅಕ್ಷರ ಹಾಕ್ರಿ. ಸ್ಟ್ರೋಕ್ (ಅಕ್ಷರದ ಸುತ್ತ ಗೆರಿ) ಕೊಡೂದಾದ್ರ ತೆಳ್ಳಗ, ಮತ್ತ ಔಟ್‌ಸೈಡ್ ಇಡ್ರಿ. ಒಮ್ಮೆ ನಾನs ದಪ್ಪ ಸ್ಟ್ರೋಕ್ ಕೊಟ್ಟೆ, ಧ ಹೊಟ್ಟಿ ಸೀಳಿದ್ದು ಮುಚ್ಚಿ ‘ಧನಸಹಾಯ’ ಹೋಗಿ ‘ದನಸಹಾಯ’ ಆತು. ಐನೂರು ಪ್ರತಿ. ರೊಕ್ಕಾ ನನ್ನ ಪಗಾರದಾಗ ಮುರಕೊಂಡ್ರು.

*

ಸ್ಟೇಟಸ್‌ಗೆ ಎ3ನೇ ಚಿಕ್ಕದು ಮಾಡಿ ಹಾಕ್ಬೇಡಿ ಮಾರಾಯ್ರೆ. 1080 × 1920ಕ್ಕೆ ಬೇರೆ ಮಾಡಿ, ಪ್ರಸಂಗದ ಹೆಸರು, ದಿನ, ಹೊತ್ತು, ಜಾಗ, ಅಷ್ಟು ಸಾಕು. ಅಧ್ಯಕ್ಷರ ಫೋಟೋ ಪ್ರಿಂಟಲ್ಲಿ ಇರ್ಲಿ. ಮೇಲೆ ಕೆಳಗೆ ಸ್ವಲ್ಪ ಖಾಲಿ ಬಿಡಿ, ಹೆಸರು ಮತ್ತು ರಿಪ್ಲೈ ಬಟನ್ ಅಲ್ಲೇ ಕೂರೋದು.

*

ಎಲ್ಲರಿಗೂ ಥ್ಯಾಂಕ್ಸ್. ಪರದೆ ಮಡಿಕೆಯ ಬಣ್ಣ ತಗೊಂಡು ಗ್ರೇಡಿಯೆಂಟ್ ಹಾಕಿದೆ, ಹತ್ತೇ ನಿಮಿಷ, ಅಕ್ಷರ ಹಾಗೇ ಎದ್ದು ಬಂತು. ಕಿರೀಟದ ಆಟ ಬಿಟ್ಟೆ. ಆದ್ರೆ ಸ್ಟೇಟಸ್‌ನಲ್ಲಿ ಅಧ್ಯಕ್ಷರ ಫೋಟೋ ಯಾಕಿಲ್ಲ ಅಂತ ಈಗಾಗ್ಲೇ ಎರಡು ಫೋನ್ ಬಂದಿದೆ, ಅದಕ್ಕೆ ಯಾವ ಬ್ಲೆಂಡ್ ಮೋಡ್ ಇದೆ ಹೇಳಿ.